ಸಿಕಲ್ ಸೆಲ್: ಕಾರ್ಡ್ ಕೈಗೆ ಬಂತು, ಮುಂದೇನು?

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ರಾಷ್ಟ್ರೀಯ ಸಿಕಲ್ ಸೆಲ್ ಅನೀಮಿಯಾ ನಿರ್ಮೂಲನಾ ಮಿಷನ್‌ಗೆ ಚಾಲನೆ ಕೊಟ್ಟರು. ಗುರಿ ದೊಡ್ಡದು. 17 ರಾಜ್ಯಗಳಲ್ಲಿ 40 ವರ್ಷದವರೆಗಿನ 7 ಕೋಟಿ ಜನರ ರಕ್ತ ಪರೀಕ್ಷೆ ಮಾಡಬೇಕು, 2047ರ ಹೊತ್ತಿಗೆ ಈ ರೋಗ ಇಲ್ಲದಂತಾಗಬೇಕು. ಆ 17 ರಾಜ್ಯಗಳಲ್ಲಿ ಕರ್ನಾಟಕವೂ ಇದೆ. 2025ರ ಮಧ್ಯದ ಹೊತ್ತಿಗೆ ಪರೀಕ್ಷೆಯ ಲೆಕ್ಕ 6 ಕೋಟಿ ದಾಟಿತು. 2 ಲಕ್ಷಕ್ಕೂ ಜಾಸ್ತಿ ರೋಗಿಗಳು, 16 ಲಕ್ಷಕ್ಕೂ ಜಾಸ್ತಿ ವಾಹಕರು (ತಮಗೆ ರೋಗವಿಲ್ಲದಿದ್ದರೂ ಅದರ ಜೀನ್ ಅನ್ನು ಮಕ್ಕಳಿಗೆ ದಾಟಿಸಬಲ್ಲವರು) ಸಿಕ್ಕರು. ಪರೀಕ್ಷೆಯ ಫಲಿತಾಂಶ ಬರೆದ ಕಾರ್ಡ್ ಕೋಟಿಗಟ್ಟಲೆ ಹಂಚಿಕೆಯಾಯಿತು.

ಇಷ್ಟು ದೊಡ್ಡ ದೇಶದಲ್ಲಿ ಎರಡು ವರ್ಷಕ್ಕೆ ಇಷ್ಟು ಜನರ ಪರೀಕ್ಷೆ ಮಾಡುವುದು ಸಣ್ಣ ಕೆಲಸವಲ್ಲ. ಆದರೆ ಕಾರ್ಡ್ ಪಡೆದ ಆ 2 ಲಕ್ಷ ಜನರಿಗೆ ಮರುದಿನದಿಂದ ಏನು ಸಿಕ್ಕಿತು ಅನ್ನೋದು ಬೇರೆ ಪ್ರಶ್ನೆ. ಕುಷ್ಠರೋಗ, ಮಲೇರಿಯಾದಂಥ ಅಂಟುರೋಗಗಳಲ್ಲಿ ಮದ್ದು ಕೊಟ್ಟರೆ ಹರಡುವುದು ನಿಲ್ಲುತ್ತದೆ. ಸಿಕಲ್ ಸೆಲ್ ಅಪ್ಪ ಅಮ್ಮನಿಂದ ಬರುವ ರೋಗ. ಇಲ್ಲಿ 'ನಿರ್ಮೂಲನೆ' ಎಂದರೆ ರೋಗವಿರುವ ಮಗು ಹುಟ್ಟದಂತೆ ನೋಡಿಕೊಳ್ಳುವುದು ಎಂದಷ್ಟೇ ಅರ್ಥವಾಗುತ್ತದೆ. ಆಗ ಎಲ್ಲರ ಕಣ್ಣು ಮದುವೆಯ ಮೇಲೆ ಬೀಳುತ್ತದೆ. ಈಗಾಗಲೇ ಹುಟ್ಟಿ ಬದುಕುತ್ತಿರುವವರು ಹಿಂದೆ ಉಳಿಯುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ.

ಮೊದಲು ರೋಗ ಏನು ಅಂತ ನೋಡೋಣ. ನಮ್ಮ ಕೆಂಪು ರಕ್ತಕಣ ದುಂಡಗೆ, ಮೆತ್ತಗೆ ಇರುತ್ತದೆ. ಕೂದಲಿಗಿಂತ ಸಣ್ಣ ರಕ್ತನಾಳದಲ್ಲೂ ಬಾಗಿ ನುಸುಳಿಕೊಂಡು ಹೋಗುತ್ತದೆ. ಅದರೊಳಗಿನ ಹಿಮೋಗ್ಲೋಬಿನ್ ಆಮ್ಲಜನಕ ಹೊರುತ್ತದೆ. ಸಿಕಲ್ ಸೆಲ್ ಇರುವವರಲ್ಲಿ ಹಿಮೋಗ್ಲೋಬಿನ್‌ನ ಒಂದು ಸರಪಳಿಯ ಆರನೇ ಜಾಗದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುತ್ತದೆ. ಗ್ಲುಟಾಮಿಕ್ ಆಮ್ಲ ಇರಬೇಕಾದಲ್ಲಿ ವ್ಯಾಲೀನ್ ಬಂದು ಕೂತಿರುತ್ತದೆ. ಅಷ್ಟೇ ವ್ಯತ್ಯಾಸ. ಆಮ್ಲಜನಕ ಕಡಿಮೆಯಾದ ಕೂಡಲೇ ಆ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿ ಉದ್ದುದ್ದ ಕಡ್ಡಿಯಾಗುತ್ತದೆ, ಕಣ ಕುಡುಗೋಲಿನ ಹಾಗೆ ಬಾಗಿ ಬಿರುಸಾಗುತ್ತದೆ. ಮಾಮೂಲಿ ಕಣ ಸುಮಾರು 120 ದಿನ ಬಾಳುತ್ತದೆ. ಇದು 10ರಿಂದ 20 ದಿನದಲ್ಲಿ ಒಡೆದುಹೋಗುತ್ತದೆ. ಮೂಳೆಮಜ್ಜೆ ಎಷ್ಟೇ ಬೇಗ ಹೊಸ ಕಣ ಮಾಡಿದರೂ ಸಾಲುವುದಿಲ್ಲ. ಹಾಗಾಗಿ ರಕ್ತ ಯಾವಾಗಲೂ ಕಡಿಮೆ, ಕಣ್ಣು ಸದಾ ಹಳದಿ. 'ಕಾಮಾಲೆ' ಅಂತ ಎಷ್ಟೋ ಮಕ್ಕಳಿಗೆ ವರ್ಷಗಟ್ಟಲೆ ಬೇರುನಾರಿನ ಮದ್ದು ಕೊಡಿಸುವುದು ಇದೇ ಕಾರಣಕ್ಕೆ.

ರಕ್ತ ಕಡಿಮೆಯಾಗುವುದು ಅರ್ಧ ತೊಂದರೆ ಮಾತ್ರ. ಬಿರುಸಾದ ಕಣಗಳು ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡರೆ ಆಚೆಗಿನ ಭಾಗಕ್ಕೆ ರಕ್ತವೇ ಹೋಗುವುದಿಲ್ಲ. ಆಗ ಬರುವ ನೋವು ಭಯಂಕರ. ಕೈಕಾಲಿನ ಮೂಳೆ, ಬೆನ್ನು, ಎದೆ, ಹೊಟ್ಟೆ, ಎಲ್ಲಿ ಬೇಕಾದರೂ ಬರಬಹುದು. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಇರುತ್ತದೆ. ಎಳೆ ಮಕ್ಕಳಲ್ಲಿ ಆರು ತಿಂಗಳ ನಂತರ ಅಂಗೈ, ಅಂಗಾಲು ಊದಿಕೊಂಡು ಮುಟ್ಟಿದರೆ ಕಿರುಚುವುದು ಎಷ್ಟೋ ಸಲ ಮೊದಲ ಲಕ್ಷಣ. ವಯಸ್ಸಾದಂತೆ ಸೊಂಟದ ಕೀಲು, ಮೂತ್ರಪಿಂಡ, ಕಣ್ಣು, ಶ್ವಾಸಕೋಶ ಒಂದೊಂದಾಗಿ ಹಾಳಾಗುತ್ತವೆ. ಕೆಲವು ಮಕ್ಕಳಿಗೆ ಪಾರ್ಶ್ವವಾಯು ಹೊಡೆಯುತ್ತದೆ.

ಇಂಥ ಕೆಟ್ಟ ಜೀನ್ ಸಾವಿರಾರು ವರ್ಷ ಉಳಿದದ್ದು ಹೇಗೆ? ಮಲೇರಿಯಾದಿಂದ. ಈ ಜೀನ್‌ನ ಒಂದೇ ಪ್ರತಿ ಇರುವ ವಾಹಕರಿಗೆ ಸಾಮಾನ್ಯವಾಗಿ ಏನೂ ತೊಂದರೆ ಇರುವುದಿಲ್ಲ. ಮೇಲಾಗಿ ಮಾರಕ ಮಲೇರಿಯಾ ಅವರನ್ನು ಅಷ್ಟಾಗಿ ಕೊಲ್ಲುವುದಿಲ್ಲ. 1954ರಲ್ಲಿ ವಿಜ್ಞಾನಿ ಆಂಟನಿ ಆಲಿಸನ್ ಪೂರ್ವ ಆಫ್ರಿಕಾದಲ್ಲಿ ಇದನ್ನು ತೋರಿಸಿಕೊಟ್ಟರು. ಮಲೇರಿಯಾ ಜಾಸ್ತಿ ಇದ್ದ ಕಾಡು, ಬೆಟ್ಟದ ಸೀಮೆಗಳಲ್ಲಿ ತಲೆಮಾರುಗಟ್ಟಲೆ ಇದ್ದವರಲ್ಲಿ ಈ ಜೀನ್ ಉಳಿದುಕೊಂಡಿತು. ಭಾರತದಲ್ಲಿ ಇದು ಮೊದಲು ಕಂಡದ್ದು 1952ರಲ್ಲಿ, ನಮ್ಮ ಪಕ್ಕದ ನೀಲಗಿರಿಯ ಆದಿವಾಸಿಗಳಲ್ಲಿ. ಅದೇ ವರ್ಷ ಅಸ್ಸಾಮಿನ ಟೀ ತೋಟದ ಕೂಲಿಗಳಲ್ಲೂ ಪತ್ತೆಯಾಯಿತು.

ನೀಲಗಿರಿ, ವಯನಾಡು, ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ ಎಲ್ಲ ಸೇರಿ ಒಂದೇ ಕಾಡು. ರಾಜ್ಯದ ಗಡಿ ಆಮೇಲೆ ಬಂದದ್ದು. ಆದ್ದರಿಂದ ಚಾಮರಾಜನಗರದ ಸೋಲಿಗರ ಪೋಡು, ಎಚ್.ಡಿ. ಕೋಟೆಯ ಜೇನುಕುರುಬರ ಹಾಡಿ, ಕೊಡಗಿನ ಯರವರ ಲೈನ್‌ಮನೆ, ಇಲ್ಲೆಲ್ಲ ಈ ರೋಗ ಇದೆ. ಸೋಲಿಗರ ನಡುವೆ ಡಾ. ಸುದರ್ಶನ್ ಅವರು ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸರ್ಕಾರದ ಮಿಷನ್‌ಗೆ ಎಷ್ಟೋ ಮುಂಚೆಯೇ ಈ ಕೆಲಸಕ್ಕೆ ಕೈಹಾಕಿತ್ತು.

ಹಾಗಂತ ಇದನ್ನು 'ಬುಡಕಟ್ಟು ರೋಗ' ಎಂದು ಬದಿಗಿಡುವುದು ತಪ್ಪು. ಬುಡಕಟ್ಟು ಸಮುದಾಯಗಳಲ್ಲಿ ಹುಟ್ಟುವ 86 ಮಕ್ಕಳಲ್ಲಿ ಒಂದಕ್ಕೆ ಈ ರೋಗ ಇರುತ್ತದೆ ಎಂದು ಕೇಂದ್ರ ಸರ್ಕಾರ ಹೇಳುತ್ತದೆ, ನಿಜ. ಆದರೆ ವಿದರ್ಭ, ಛತ್ತೀಸಗಢ, ಪಶ್ಚಿಮ ಒಡಿಶಾಗಳಲ್ಲಿ ದಲಿತ ಮತ್ತು ಹಿಂದುಳಿದ ಸಮುದಾಯಗಳಲ್ಲೂ ಇದು ಧಾರಾಳವಾಗಿದೆ. ವಯನಾಡಿನ ಚೆಟ್ಟಿಗಳಲ್ಲೂ ಇದೆ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬರುವವರು ಯಾವ ಊರಿನವರು ಅಂತ ಒಮ್ಮೆ ಯೋಚಿಸಿ. ಮೈಕೈ ನೋವು ಅಂತ ವೈಟ್‌ಫೀಲ್ಡ್‌ನ ಕ್ಲಿನಿಕ್ಕಿಗೆ ಬಂದ ಹುಡುಗನಿಗೆ ಸಿಕಲ್ ಸೆಲ್ ಇರಬಹುದು ಎಂದು ಅಲ್ಲಿನ ಡಾಕ್ಟರಿಗೆ ಹೊಳೆಯಬೇಕು. ಮಿಷನ್ ಜಿಲ್ಲೆಗಳನ್ನು ಆರಿಸಿಕೊಂಡಿದೆ. ಆದರೆ ಜನ ಜಿಲ್ಲೆ ಬಿಟ್ಟು ಹೊರಗೆ ದುಡಿಯುತ್ತಾರಲ್ಲ.

ಇನ್ನು ಅನುವಂಶಿಕತೆಯ ಲೆಕ್ಕ. ಅಪ್ಪ ಅಮ್ಮ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ 25%, ವಾಹಕವಾಗುವ ಸಾಧ್ಯತೆ 50%, ಏನೂ ಇಲ್ಲದಿರುವ ಸಾಧ್ಯತೆ 25%. 'ಪ್ರತಿ ಬಸಿರಿನಲ್ಲೂ' ಅನ್ನುವುದನ್ನು ಒತ್ತಿ ಹೇಳಬೇಕು. ನಾಲ್ಕರಲ್ಲಿ ಒಂದು ಎಂದ ಕೂಡಲೇ 'ಮೊದಲ ಮಗುವಿಗೆ ಬಂದಾಯ್ತು, ಇನ್ನು ಮೂರಕ್ಕೆ ಭಯವಿಲ್ಲ' ಎಂದುಕೊಳ್ಳುವವರು ಇದ್ದಾರೆ. ನಾಣ್ಯ ಚಿಮ್ಮುವಾಗ ಹಿಂದಿನ ಸಲ ಏನು ಬಿತ್ತು ಅನ್ನುವುದು ನಾಣ್ಯಕ್ಕೆ ಗೊತ್ತಿರುವುದಿಲ್ಲ ಅಲ್ವಾ, ಹಾಗೆ. ಒಬ್ಬರು ಮಾತ್ರ ವಾಹಕರಾಗಿ ಇನ್ನೊಬ್ಬರ ರಕ್ತ ಪೂರ್ತಿ ಸರಿಯಿದ್ದರೆ ಮಗುವಿಗೆ ರೋಗ ಬರುವುದಿಲ್ಲ. ಸೋದರಮಾವ, ಅತ್ತೆ ಮಗ, ಮಾವನ ಮಗಳು ಅಂತ ಹತ್ತಿರದಲ್ಲೇ ಮದುವೆಯಾಗುವ ನಮ್ಮ ರೂಢಿ ಅಪಾಯವನ್ನು ಹೆಚ್ಚಿಸುತ್ತದೆ. ಒಂದೇ ಮನೆತನದ ಇಬ್ಬರೂ ವಾಹಕರಾಗಿರುವ ಸಾಧ್ಯತೆ ಜಾಸ್ತಿ.

ಪರೀಕ್ಷೆಯಲ್ಲೂ ಒಂದು ಸೂಕ್ಷ್ಮ ಇದೆ. ಶಿಬಿರಗಳಲ್ಲಿ ಹೆಚ್ಚಾಗಿ ಮಾಡುತ್ತಿದ್ದ ಅಗ್ಗದ ಸಾಲ್ಯುಬಿಲಿಟಿ ಟೆಸ್ಟ್ ಸಿಕಲ್ ಹಿಮೋಗ್ಲೋಬಿನ್ ಇದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ರೋಗಿಯೋ ವಾಹಕರೋ ಎಂದು ಹೇಳುವುದಿಲ್ಲ. ಅದಕ್ಕೆ ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರೆಬೇರೆ ಮಾಡಿ ತೋರಿಸುವ ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೋಫೋರೆಸಿಸ್ ಪರೀಕ್ಷೆ ಬೇಕು. ಬೆರಳಿನಿಂದ ಹನಿ ರಕ್ತ ತೆಗೆದು ಸ್ಥಳದಲ್ಲೇ ಫಲಿತಾಂಶ ಕೊಡುವ ಹೊಸ ಕಿಟ್‌ಗಳೂ ಈಗ ಬಂದಿವೆ. ಇನ್ನೊಂದು ಮಾತು. ಗಂಡ ಸಿಕಲ್ ವಾಹಕ, ಹೆಂಡತಿ ಥಲಸ್ಸೀಮಿಯಾ (ಹಿಮೋಗ್ಲೋಬಿನ್ ಸಾಕಷ್ಟು ತಯಾರಾಗದ, ಇದೂ ಅಪ್ಪ ಅಮ್ಮನಿಂದ ಬರುವ ರೋಗ) ವಾಹಕಿ ಎಂದಿಟ್ಟುಕೊಳ್ಳಿ. ಹೆಂಡತಿಯ ಸಿಕಲ್ ಟೆಸ್ಟ್ 'ನೆಗೆಟಿವ್' ಬರುತ್ತದೆ. ಇಬ್ಬರೂ ನೆಮ್ಮದಿಯಾಗಿರುತ್ತಾರೆ. ಆದರೆ ಮಗುವಿಗೆ ಸಿಕಲ್-ಥಲಸ್ಸೀಮಿಯಾ ಬರುವ ಸಾಧ್ಯತೆ ಆಗಲೂ ನಾಲ್ಕರಲ್ಲಿ ಒಂದು. ಅದೂ ಸಿಕಲ್ ಸೆಲ್‌ನಷ್ಟೇ ಕಾಡಬಲ್ಲದು. ಆದ್ದರಿಂದ ಒಬ್ಬರು ವಾಹಕರೆಂದು ಗೊತ್ತಾದರೆ ಜೊತೆಗಾರರಿಗೆ ಎಚ್‌ಪಿಎಲ್‌ಸಿಯನ್ನೇ ಮಾಡಿಸಬೇಕು.

ಈಗ ಮದುವೆಯ ವಿಷಯ. ಕಾರ್ಡ್ ತಾಳೆ ನೋಡಿ ಮದುವೆ ಮಾಡಿ, ವಾಹಕರು ವಾಹಕರನ್ನು ಮದುವೆಯಾಗಬೇಡಿ ಎಂಬ ಸಲಹೆ ಮಿಷನ್‌ನ ಪ್ರಚಾರದಲ್ಲಿ ಮತ್ತೆ ಮತ್ತೆ ಕೇಳುತ್ತದೆ. ಜಾತಕದ ಜೊತೆ ಇದನ್ನೂ ನೋಡಿ ಎಂದು ಹೇಳುವವರೂ ಇದ್ದಾರೆ. ಕೇಳಲು ಸುಲಭ. ಇದನ್ನು ಮೊದಲೇ ಮಾಡಿ ನೋಡಿದ ಊರೊಂದಿದೆ. ಗ್ರೀಸ್ ದೇಶದ ಓರ್ಕೊಮೆನೋಸ್‌ನಲ್ಲಿ ಸಿಕಲ್ ವಾಹಕರು ಬಹಳ. 1960-70ರ ದಶಕದಲ್ಲಿ ಸಂಶೋಧಕರು ಅಲ್ಲಿನ ಜನರ ರಕ್ತ ಪರೀಕ್ಷೆ ಮಾಡಿ, ಯಾರು ವಾಹಕರು ಎಂದು ಅವರವರಿಗೆ ತಿಳಿಸಿ, ಬುದ್ಧಿ ಹೇಳಿ ಬಂದರು. ಕೆಲವು ವರ್ಷ ಬಿಟ್ಟು ನೋಡಿದರೆ ವಾಹಕರು ತಮ್ಮ ಗುಟ್ಟನ್ನು ಮುಚ್ಚಿಟ್ಟು ಮದುವೆಯಾಗಿದ್ದರು. ಗೊತ್ತಾದವರನ್ನು ಊರು ಕಳಪೆಯಾಗಿ ಕಾಣುತ್ತಿತ್ತು. ವಾಹಕರು ವಾಹಕರನ್ನೇ ಮದುವೆಯಾಗುವುದು ಕಡಿಮೆಯಾಗಿರಲಿಲ್ಲ. ಅಂದರೆ ಲಾಭ ಸೊನ್ನೆ, ಕಳಂಕ ಮಾತ್ರ ಗಿಟ್ಟಿತು. ಅಮೆರಿಕದಲ್ಲೂ 1970ರ ದಶಕದಲ್ಲಿ ಹಲವು ರಾಜ್ಯಗಳು ಕಪ್ಪು ಜನರಿಗೆ ಕಡ್ಡಾಯ ಪರೀಕ್ಷೆಯ ಕಾನೂನು ತಂದವು. ಆರೋಗ್ಯವಾಗಿದ್ದ ವಾಹಕರಿಗೆ ವಿಮೆ, ಕೆಲಸ ತಪ್ಪಿತು. ವಾಯುಪಡೆಯ ಅಕಾಡೆಮಿ 1981ರವರೆಗೆ ಅವರನ್ನು ಸೇರಿಸಿಕೊಳ್ಳಲೇ ಇಲ್ಲ.

ನಮ್ಮಲ್ಲಿ ಈ ಕಳಂಕ ಯಾರ ತಲೆಗೆ ಬರುತ್ತದೆ ಎಂದು ಹೇಳಬೇಕಾಗಿಲ್ಲ. ಹುಡುಗ ವಾಹಕನಾದರೆ 'ಅದೇನು ಮಹಾ', ಹುಡುಗಿ ವಾಹಕಿಯಾದರೆ 'ರಕ್ತ ಸರಿಯಿಲ್ಲದವಳು'. ಸಮುದಾಯವೇ ಚಿಕ್ಕದು, ಅದರಲ್ಲೂ ಕುಲದ ಒಳಗೆ ಮದುವೆಯಿಲ್ಲ ಎಂಬ ಕಟ್ಟು ಇರುವ ಕಡೆ ಆರಿಸಿಕೊಳ್ಳಲು ಇರುವವರೇ ಕೆಲವರು. ಆ ಕೆಲವರಲ್ಲಿ ಐದರಲ್ಲೊಬ್ಬರೋ ಆರರಲ್ಲೊಬ್ಬರೋ ವಾಹಕರಾದರೆ 'ತಾಳೆ ನೋಡಿ' ಎಂಬ ಸಲಹೆ ಎಲ್ಲಿ ನಿಲ್ಲುತ್ತದೆ? ನನ್ನ ಪ್ರಕಾರ ಮದುವೆಗೆ ಮುಂಚೆ ಗೊತ್ತಿರುವುದು ಒಳ್ಳೆಯದು, ಗೊತ್ತಿರುವುದು ಆ ಇಬ್ಬರಿಗೇ ಸೀಮಿತವಾಗಿರಬೇಕು. ಶಾಲೆಯಲ್ಲಿ ಎಲ್ಲರೆದುರು ಹೆಸರು ಕೂಗಿ ಕಾರ್ಡ್ ಹಂಚುವುದು ಸಲ್ಲದು. ಇಬ್ಬರೂ ವಾಹಕರಾಗಿದ್ದು ಮದುವೆಯಾದರೂ ದಾರಿ ಮುಚ್ಚುವುದಿಲ್ಲ. ಬಸಿರಿನ 10-12ನೇ ವಾರದಲ್ಲೇ ಮಗುವಿಗೆ ರೋಗ ಇದೆಯೋ ಎಂದು ಪರೀಕ್ಷೆ ಮಾಡಬಹುದು, ಮುಂದೇನು ಎನ್ನುವುದು ದಂಪತಿಯ ನಿರ್ಧಾರ. ತೊಡಕು ಏನೆಂದರೆ ಆ ಪರೀಕ್ಷೆ ದೊಡ್ಡ ಊರುಗಳಲ್ಲಿ ಮಾತ್ರ. ಕಾಡಂಚಿನ ಬಸುರಿ ಮೂರನೇ ತಿಂಗಳೊಳಗೆ ತಾಯಿ ಕಾರ್ಡ್ ಮಾಡಿಸಿ, ಗಂಡನ ರಕ್ತ ಪರೀಕ್ಷೆಯಾಗಿ, ಅಲ್ಲಿಂದ ಬೆಂಗಳೂರಿಗೆ ತಲುಪುವಷ್ಟರಲ್ಲಿ ವಾರಗಳು ಕಳೆದಿರುತ್ತವೆ.

ಹಾಗಾದರೆ ದುಡ್ಡು, ಶ್ರಮ ಎಲ್ಲಿ ಹಾಕಬೇಕು? ಹುಟ್ಟಿದ ಮಗುವಿನ ಮೇಲೆ. ಸಿಕಲ್ ಸೆಲ್ ಮಕ್ಕಳು ಅತಿ ಹೆಚ್ಚು ಸಾಯುವುದು ಮೊದಲ ಕೆಲವು ವರ್ಷಗಳಲ್ಲಿ. ಶಾಲೆಯಲ್ಲಿ ಶಿಬಿರ ಮಾಡಿದರೆ ಶಾಲೆಗೆ ಹೋಗುವಷ್ಟು ದಿನ ಬದುಕಿದ ಮಗು ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ಅದಕ್ಕೆ ಮುಂಚೆ ಜ್ವರ ಬಂದು ಒಂದೇ ರಾತ್ರಿಯಲ್ಲಿ ಹೋದ ಮಗುವಿನ ಹೆಸರಿನ ಮುಂದೆ ನ್ಯುಮೋನಿಯಾ ಅಂತಲೋ, ದೃಷ್ಟಿ ಅಂತಲೋ ಇರುತ್ತದೆ.

ಕೆರಿಬಿಯನ್ ದ್ವೀಪ ಜಮೈಕಾದ ಕಥೆ ಇಲ್ಲಿ ಕೇಳಬೇಕು. 1973ರಿಂದ 1981ರವರೆಗೆ ಕಿಂಗ್‌ಸ್ಟನ್‌ನ ವಿಕ್ಟೋರಿಯಾ ಜ್ಯೂಬಿಲಿ ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿದ ಒಂದು ಲಕ್ಷ ಶಿಶುಗಳ ರಕ್ತ ಪರೀಕ್ಷೆ ಮಾಡಿ, ರೋಗವಿದ್ದ ಮಕ್ಕಳನ್ನು ಡಾ. ಗ್ರಹಾಂ ಸರ್ಜೆಂಟ್ ಮತ್ತು ತಂಡ ದೊಡ್ಡವರಾಗುವವರೆಗೂ ಬೆನ್ನುಹತ್ತಿ ನೋಡಿಕೊಂಡಿತು. ಎಳೆ ಮಕ್ಕಳನ್ನು ಕೊಲ್ಲುತ್ತಿದ್ದ ಒಂದು ಕಾರಣ ಗುಲ್ಮ, ಅಂದರೆ ಹೊಟ್ಟೆಯ ಎಡಬದಿಯಲ್ಲಿರುವ ಸ್ಪ್ಲೀನ್. ದೇಹದ ರಕ್ತವೆಲ್ಲ ಇದ್ದಕ್ಕಿದ್ದಂತೆ ಗುಲ್ಮದೊಳಗೆ ಸಿಕ್ಕಿಕೊಂಡು, ಗಂಟೆಗಳಲ್ಲಿ ಮಗು ಬಿಳಿಚಿಕೊಂಡು ಸಾಯುತ್ತಿತ್ತು. ಅವರು ಏನು ಮಾಡಿದರು ಗೊತ್ತಾ? ತಾಯಂದಿರಿಗೆ ಗುಲ್ಮ ಮುಟ್ಟಿ ನೋಡುವುದನ್ನು ಕಲಿಸಿದರು. ಮಗುವನ್ನು ಅಂಗಾತ ಮಲಗಿಸಿ, ಎಡಗಡೆ ಪಕ್ಕೆಲುಬಿನ ಅಂಚಿನ ಕೆಳಗೆ ಬೆರಳು ಇಟ್ಟು, ಮಗು ಉಸಿರೆಳೆದಾಗ ಗಟ್ಟಿಯಾದದ್ದು ತಾಕುತ್ತದಾ, ನಿನ್ನೆಗಿಂತ ಇವತ್ತು ಕೆಳಗೆ ಇಳಿದಿದೆಯಾ ಎಂದು ನೋಡುವುದು. ದೊಡ್ಡದಾಗಿ ಕಂಡರೆ ಆಸ್ಪತ್ರೆಗೆ ಓಡುವುದು, ಅಲ್ಲಿ ರಕ್ತ ಕೊಡುವುದು. ಈ ಕಾರಣದ ಸಾವು ಸುಮಾರು 90% ಇಳಿಯಿತು. ಯಂತ್ರ ಬೇಡ, ಓದು ಬರಹವೂ ಬೇಡ. ನಮ್ಮ ಮಕ್ಕಳಲ್ಲಿ ಗುಲ್ಮ ದೊಡ್ಡದಾಗಿಯೇ ಬಹಳ ವರ್ಷ ಉಳಿಯುವುದರಿಂದ, ತನ್ನ ಮಗುವಿನ ಗುಲ್ಮ ಮಾಮೂಲಿಗೆ ಎಷ್ಟಿರುತ್ತದೆ ಎಂಬ ಅಂದಾಜು ತಾಯಿಗೆ ಇರಬೇಕು. ಆಶಾ ಕಾರ್ಯಕರ್ತೆಗೆ ಒಂದು ಬೆಳಗ್ಗೆ ತರಬೇತಿ ಕೊಟ್ಟರೆ ಆಗುವ ಕೆಲಸ ಇದು.

ಉಳಿದದ್ದೂ ಅಗ್ಗವೇ. ಗುಲ್ಮ ಸರಿಯಾಗಿ ಕೆಲಸ ಮಾಡದ್ದರಿಂದ ನ್ಯುಮೋಕಾಕಸ್‌ನಂಥ ಬ್ಯಾಕ್ಟೀರಿಯಾ ಈ ಮಕ್ಕಳನ್ನು ಬೇಗ ಹಿಡಿಯುತ್ತದೆ. ಐದು ವರ್ಷದವರೆಗೆ ದಿನಾ ಪೆನ್ಸಿಲಿನ್ ಕೊಟ್ಟರೆ ಈ ಸೋಂಕು ಎಷ್ಟೋ ಕಡಿಮೆಯಾಗುತ್ತದೆ ಎಂದು 1986ರಲ್ಲೇ ಸಾಬೀತಾಗಿದೆ. ನ್ಯುಮೋಕಾಕಲ್ ಲಸಿಕೆ ಈಗ ಸರ್ಕಾರಿ ಲಸಿಕೆಗಳ ಪಟ್ಟಿಯಲ್ಲೇ ಇದೆ. ಸಿಕಲ್ ಸೆಲ್ ಮಗುವಿಗೆ 101 ಡಿಗ್ರಿ ದಾಟಿದ ಜ್ವರ ಬಂದರೆ ಅದು ತುರ್ತು. ಬೆಳಗಾಗಲಿ ನೋಡೋಣ ಅನ್ನುವಂತಿಲ್ಲ.

ದೊಡ್ಡ ಮಕ್ಕಳಿಗೂ ವಯಸ್ಕರಿಗೂ ಬದುಕು ಬದಲಿಸಿದ ಮದ್ದು ಹೈಡ್ರಾಕ್ಸಿಯೂರಿಯಾ. ಹುಟ್ಟುವ ಮುಂಚೆ ನಮಗೆಲ್ಲ ಇದ್ದ ಭ್ರೂಣದ ಹಿಮೋಗ್ಲೋಬಿನ್ ಅನ್ನು ಇದು ಮತ್ತೆ ಹೆಚ್ಚಿಸುತ್ತದೆ. ಆ ಹಿಮೋಗ್ಲೋಬಿನ್ ಇದ್ದಷ್ಟೂ ಕಣ ಕುಡುಗೋಲಾಗುವುದು ಕಡಿಮೆ. ನೋವಿನ ಸರದಿ ಇಳಿಯುತ್ತದೆ, ರಕ್ತ ಹಾಕಿಸಿಕೊಳ್ಳುವುದು ಇಳಿಯುತ್ತದೆ. ಗುಣ ಕಾಣಲು ತಿಂಗಳುಗಳು ಬೇಕು, ಆದ್ದರಿಂದ ವಾರದೊಳಗೆ 'ಏನೂ ಆಗಲಿಲ್ಲ' ಎಂದು ಬಿಡಬಾರದು. ನಡುನಡುವೆ ರಕ್ತ ಪರೀಕ್ಷೆ ಮಾಡಿಸಬೇಕು. ಮಗು ಬೇಕೆನ್ನುವ ದಂಪತಿ ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು. ಮಾತ್ರೆ ದುಬಾರಿಯೇನಲ್ಲ, ಮಕ್ಕಳಿಗೆ ಕುಡಿಸುವ ದ್ರವರೂಪವೂ ನಮ್ಮ ದೇಶದಲ್ಲೇ ತಯಾರಾಗುತ್ತಿದೆ. ಸಮಸ್ಯೆ ಇರುವುದು ದೂರದ್ದು. ಕಾಫಿ ತೋಟದ ದಿನಗೂಲಿಯವರಿಗೆ ತಿಂಗಳಿಗೊಮ್ಮೆ ಜಿಲ್ಲಾ ಆಸ್ಪತ್ರೆಗೆ ಬನ್ನಿ ಎಂದರೆ ಬಸ್ಸಿನ ಖರ್ಚು ಒಂದು ಕಡೆ, ಆ ದಿನದ ಕೂಲಿ ಇನ್ನೊಂದು ಕಡೆ. ಎರಡು ತಿಂಗಳು ಬರುತ್ತಾರೆ, ಮೂರನೆಯದಕ್ಕೆ ಬಿಡುತ್ತಾರೆ. ಬಿಪಿ, ಶುಗರ್ ಮಾತ್ರೆಯನ್ನು ಪಿಎಚ್‌ಸಿಯಲ್ಲೇ ಕೊಡುವಾಗ ಇದನ್ನೂ ಯಾಕೆ ಕೊಡಬಾರದು?

ಕಬ್ಬಿಣದ ಮಾತ್ರೆಯದು ಉಲ್ಟಾ ಕಥೆ. ರಕ್ತ ಕಡಿಮೆ ಅಂದ ಕೂಡಲೇ ನಮ್ಮ ವ್ಯವಸ್ಥೆ ಕಬ್ಬಿಣಾಂಶದ ಮಾತ್ರೆ ಕೊಡುತ್ತದೆ. ಸಿಕಲ್ ಸೆಲ್ ರೋಗಿಯಲ್ಲಿ ಕಣ ಒಡೆದು ಕಬ್ಬಿಣ ಮೈಯಲ್ಲೇ ಉಳಿದಿರುತ್ತದೆ, ಹಲವು ಸಲ ರಕ್ತ ಹಾಕಿಸಿಕೊಂಡಿದ್ದರೆ ಇನ್ನೂ ಜಾಸ್ತಿ. ನಿಜವಾಗಿ ಕೊರತೆ ಇದೆಯೇ ಎಂದು ಪರೀಕ್ಷಿಸದೆ ಕೊಡಬಾರದು. ಫೋಲಿಕ್ ಆಸಿಡ್ ಕೊಡಬಹುದು. ಹಾಗೆಯೇ ಬರೀ ನೋವಿಗೆಂದು ರಕ್ತ ಏರಿಸುವುದೂ ಸರಿಯಲ್ಲ.

ನೋವಿಗೆ ಬೇಕಾದ್ದು ನೋವಿನ ಮದ್ದು. ಇಲ್ಲಿ ನಾವು ಬಹಳ ಹಿಂದಿದ್ದೇವೆ. ಗಾಯವಿಲ್ಲ, ಊತವಿಲ್ಲ, ಎಕ್ಸ್‌ರೇ ಸರಿಯಾಗಿದೆ, ಆದರೂ ಹುಡುಗಿ ಹೊರಳಾಡುತ್ತಿದ್ದಾಳೆ. 'ನಾಟಕ' ಎಂಬ ಮಾತು ಸಿಕಲ್ ಸೆಲ್ ಇರುವವರೆಲ್ಲ ಒಮ್ಮೆಯಾದರೂ ಕೇಳಿರುತ್ತಾರೆ. ಬಂದ ಒಂದು ಗಂಟೆಯೊಳಗೆ ನೋವಿನ ಔಷಧಿ ಸಿಗಬೇಕು ಎನ್ನುತ್ತವೆ ಅಂತರರಾಷ್ಟ್ರೀಯ ಮಾರ್ಗಸೂಚಿಗಳು. ಪ್ಯಾರಾಸಿಟಮಾಲ್‌ಗೆ ಬಗ್ಗದ ನೋವಿಗೆ ಮಾರ್ಫಿನ್ ಬೇಕಾಗುತ್ತದೆ. ಅದನ್ನು ಆಸ್ಪತ್ರೆಗಳು ಇಟ್ಟುಕೊಳ್ಳಲು ಅನುಕೂಲವಾಗಲೆಂದು 2014ರಲ್ಲಿ ಕಾನೂನನ್ನೇ ಸಡಿಲ ಮಾಡಿದ್ದಾರೆ. ಆದರೂ ತಾಲ್ಲೂಕು ಆಸ್ಪತ್ರೆಯಲ್ಲಿ ಮಾರ್ಫಿನ್ ಎಂದರೆ ಇಂದಿಗೂ ಹುಬ್ಬೇರುತ್ತದೆ.

ಜೀನ್‌ಗಳನ್ನೇ ತಿದ್ದುವ ಜೀನ್ ಚಿಕಿತ್ಸೆಯ ಸುದ್ದಿ ನೀವೂ ಓದಿರುತ್ತೀರಿ. 2023ರ ಕೊನೆಯಲ್ಲಿ ಬ್ರಿಟನ್, ಅಮೆರಿಕಗಳು ಒಪ್ಪಿದ ಕ್ಯಾಸ್‌ಜೆವಿ ಎಂಬ ಇಂಥ ಚಿಕಿತ್ಸೆಗೆ ಅಮೆರಿಕದಲ್ಲಿ 22 ಲಕ್ಷ ಡಾಲರ್, ನಮ್ಮ ಲೆಕ್ಕದಲ್ಲಿ 18 ಕೋಟಿಗೂ ಮೇಲೆ. 2025ರ ನವೆಂಬರ್‌ನಲ್ಲಿ ದೆಹಲಿಯ ಸಿಎಸ್‌ಐಆರ್-ಐಜಿಐಬಿ ಸಂಸ್ಥೆ ತಾನು ಬೆಳೆಸಿದ 'ಬಿರ್ಸಾ 101' ಎಂಬ ಜೀನ್ ಚಿಕಿತ್ಸೆಯ ತಂತ್ರವನ್ನು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ಗೆ ಕೊಟ್ಟಿದೆ. ಅಗ್ಗವಾದರೆ ಸಂತೋಷ. ನಮ್ಮಲ್ಲಿ ಸದ್ಯಕ್ಕೆ ಗುಣವಾಗುವ ದಾರಿ ಎಂದರೆ ಮೂಳೆಮಜ್ಜೆ ಕಸಿ. ಸಾಮಾನ್ಯವಾಗಿ ಒಡಹುಟ್ಟಿದವರದ್ದು ಹೊಂದಬೇಕು, ಲಕ್ಷಗಟ್ಟಲೆ ಖರ್ಚು ಬೇರೆ.

ದಿನನಿತ್ಯದ ಬದುಕಿಗೆ ಬರೋಣ. ನೀರು ಚೆನ್ನಾಗಿ ಕುಡಿಯಬೇಕು, ಚಳಿಯಲ್ಲಿ ನೆನೆಯಬಾರದು, ಮೈ ಮುರಿಯುವಷ್ಟು ದಣಿಯಬಾರದು ಎಂದು ಡಾಕ್ಟರು ಹೇಳುತ್ತಾರೆ. ಕೊಡಗಿನ ಮುಂಗಾರಿನಲ್ಲಿ ತೋಟದ ಕೆಲಸ ಮಾಡುವವರಿಗೆ ಇದರಲ್ಲಿ ಯಾವುದು ಸಾಧ್ಯ ಹೇಳಿ. ಶಾಲೆಯಲ್ಲಿ ಇನ್ನೊಂದು ಬಗೆ. ಈ ರೋಗದಲ್ಲಿ ಮೂತ್ರಪಿಂಡಕ್ಕೆ ನೀರು ಹಿಡಿದಿಡಲು ಆಗುವುದಿಲ್ಲ. ಮಗು ಪದೇ ಪದೇ ಉಚ್ಚೆಗೆ ಹೋಗಬೇಕಾಗುತ್ತದೆ, ರಾತ್ರಿ ಹಾಸಿಗೆ ಒದ್ದೆಯಾಗುತ್ತದೆ. ಹಾಸ್ಟೆಲ್‌ನಲ್ಲಿ ಬೈಗುಳ, ತರಗತಿಯಲ್ಲಿ 'ಈಗ ತಾನೇ ಹೋಗಿದ್ಯಲ್ಲ' ಎಂಬ ಗದರಿಕೆ. ಬೈಗುಳಕ್ಕೆ ಹೆದರಿ ಮಗು ನೀರು ಕುಡಿಯುವುದನ್ನೇ ಬಿಡುತ್ತದೆ. ಅಲ್ಲಿಂದ ನೋವು ಶುರು. ಆಶ್ರಮ ಶಾಲೆಯ ಮೇಷ್ಟ್ರಿಗೆ ಇಷ್ಟು ಗೊತ್ತಿದ್ದರೆ ಎಷ್ಟೋ ಹಾಜರಿ ಉಳಿಯುತ್ತದೆ.

ಕೇರಳ ಸರ್ಕಾರ ರೋಗಿಗಳಿಗೆ ತಿಂಗಳ ಪಿಂಚಣಿ ಕೊಡುತ್ತದೆ. ವಯನಾಡಿನ ಗಡಿಯಿಂದ ಈಚೆಗಿರುವ ನೆಂಟರಿಗೂ ಅಂಥದ್ದು ಬೇಕೆಂದು ಕೇಳುವುದು ನ್ಯಾಯವೇ. ದೇಶದ ಮಟ್ಟದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಿಕಲ್ ಸೆಲ್ ಅನ್ನು 21 ವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿದೆ. 40% ವೈಕಲ್ಯದ ಪ್ರಮಾಣಪತ್ರ ಸಿಕ್ಕರೆ ಉನ್ನತ ಶಿಕ್ಷಣದ 5% ಮೀಸಲಿಗೆ ಅರ್ಹತೆ ಬರುತ್ತದೆ. ಆದರೆ ಸರ್ಕಾರಿ ಕೆಲಸದ 4% ಮೀಸಲು ಹೇಳುವ ಅದೇ ಕಾಯ್ದೆಯ 34ನೇ ಕಲಮಿನಲ್ಲಿ ರಕ್ತದ ರೋಗಗಳ ಹೆಸರೇ ಇಲ್ಲ. ಸೊಂಟದ ಕೀಲು ಸವೆದು ಕುಂಟುವ ಹಂತಕ್ಕೆ ಬಂದರೆ ಅದೇ ಮನುಷ್ಯ ಚಲನೆಯ ವೈಕಲ್ಯದ ಹೆಸರಿನಲ್ಲಿ ಅರ್ಜಿ ಹಾಕಬಹುದು. ಅದಕ್ಕೂ ಮುಂಚಿನ ವರ್ಷಗಳ ನೋವಿಗೆ, ತಪ್ಪಿದ ಪರೀಕ್ಷೆಗಳಿಗೆ, ಬಿಟ್ಟ ಕೂಲಿಗೆ ಆ ಕಲಮಿನಲ್ಲಿ ಜಾಗವಿಲ್ಲ.